ಮೂವತ್ತು ಮೀಟರಿಗೆ ನಲವತ್ತು ಹೆಜ್ಜೆ

ನನಗೆ ಓಡಲು ಬರುವುದಿಲ್ಲ, ಓಡಿಸಲು ಬರುತ್ತದೆ. ಹೊಳೆನರಸೀಪುರದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟರಾಗಿ ಇಪ್ಪತ್ತೆರಡು ವರ್ಷ ಸವೆಸಿದ್ದೇನೆ. ಈಗೀಗ ಸಂಜೆ ವಿಷಲ್ ಊದುವುದಕ್ಕೂ ಆಯಾಸ.

ಫುಟ್‌ಬಾಲಿನಲ್ಲಿ ಯಾರೂ ಬಹಳ ದೂರ ಜೋರಾಗಿ ಓಡುವುದಿಲ್ಲ ನೋಡಿ. ಚೆಂಡು ಸಿಗುತ್ತದೆ ಅನ್ನಿಸಿದಾಗ ಒಂದು ಮೂವತ್ತು ಮೀಟರ್, ಅಷ್ಟೇ. ಅದಕ್ಕೇ ವೇಗವನ್ನು ಅಳೆಯುವುದೂ ಮೂವತ್ತು ಮೀಟರಿಗೆ. ಆ ಮೂವತ್ತನ್ನು ನಾನು ಟೇಪು ಹಿಡಿದು ಅಳೆದವನಲ್ಲ. ನಮ್ಮಜ್ಜ ಪಂಚೆ ಎತ್ತಿ ಕಟ್ಟಿ, ಹೆಜ್ಜೆ ಹಾಕಿಯೇ ಗದ್ದೆ ಅಳೆಯುತ್ತಿದ್ದರು. ಸರ್ವೆಯವರು ಸರಪಳಿ ಎಳೆದರೂ ಗೇಣು ಆಚೀಚೆ ಆಗುತ್ತಿರಲಿಲ್ಲ. ಆ ವಂಶದ ಕಾಲು ನನ್ನದು: ನಲವತ್ತು ಹೆಜ್ಜೆಗೆ ಮೂವತ್ತು ಮೀಟರ್. ಕೆಲಸಕ್ಕೆ ಸೇರಿದ ವರ್ಷ ಒಮ್ಮೆ ಟೇಪಿಟ್ಟು ತಾಳೆ ನೋಡಿದ್ದೆ, ಮತ್ತೆ ಅದರ ಗೊಡವೆಗೆ ಹೋಗಲಿಲ್ಲ.

ನನ್ನ ಫುಟ್‌ಬಾಲ್ ತಂಡದ ಹುಡುಗಿಯರು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿದ್ದರು. ರಿಜಿಸ್ಟರೇ ಸಾಕ್ಷಿ. ಸ್ಟಾಫ್ ರೂಮಿನಲ್ಲಿ ಕಾಫಿ ಹೀರುತ್ತ ಅದರ ಕೀರ್ತಿಯನ್ನು ನಾನೊಬ್ಬನೇ ಹೊತ್ತುಕೊಂಡಿದ್ದೂ ಉಂಟು.

ಈ ಸಲ ಕೊನೆಯ ವರ್ಷದ ಸವಿತಾ ಜಿಲ್ಲಾ ತಂಡದ ಆಯ್ಕೆಗೆ ಹಾಸನಕ್ಕೆ ಹೋದಳು. ಅಲ್ಲಿ ಮೂವತ್ತು ಮೀಟರನ್ನು ಐದು ಸೆಕೆಂಡಿನೊಳಗೆ ಮುಟ್ಟಬೇಕು. ನಮ್ಮಲ್ಲಿ ನಾಲ್ಕೂಮುಕ್ಕಾಲಿಗೆ ಮುಟ್ಟಿದವಳು, ಅಲ್ಲಿ ಐದೂಕಾಲು ತೆಗೆದುಕೊಂಡಳು. ಎರಡು ತಿಂಗಳ ನಂತರ ಇನ್ನೊಂದು ಅವಕಾಶವಿತ್ತು. ಅದೇ ಕೊನೆಯದು.

ಮಾರನೆಯ ದಿನ ಗಾರೆ ಮೇಸ್ತ್ರಿಯಾದ ಅವಳಪ್ಪನ ಟೇಪು ಹಿಡಿದು ಬಂದಳು.

"ನೀವು ಎಜ್ಜೆ ಆಕಿ ಸಾ, ನಾ ಟೇಪ್ ಇಡ್ಕತೀನಿ."

ನಲವತ್ತು ಹೆಜ್ಜೆ ಹಾಕಿದೆ. ಬಗ್ಗಿ ನೋಡಿದವಳು ಟೇಪನ್ನು ಬಿಗಿಯಾಗಿ ಎಳೆದು ಇನ್ನೊಮ್ಮೆ ನೋಡಿದಳು.

"ಎಷ್ಟಮ್ಮಾ?"

"ಇಪ್ಪತ್ತೇಳು ಸಾ."

"ಟೇಪು ಹಳೇದೇನೋ."

"ಟೇಪು ಓದೊರ್ಸ ತಂದಿದ್ದು. ನಿಮ್ ಮಂಡಿ ಅಳೇದು ಕಣ್ ಸಾ."

ಅಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ಹುಡುಗಿಯರ ವೇಗ ಹೆಚ್ಚಿರಲಿಲ್ಲ, ನನ್ನ ಹೆಜ್ಜೆ ಗಿಡ್ಡವಾಗುತ್ತಿತ್ತು. ನನ್ನ ಮುಪ್ಪನ್ನೇ ಅವರ ಪ್ರಗತಿಯೆಂದು ಬರೆದಿಟ್ಟಿದ್ದೆ. ಅದನ್ನು ನಂಬಿ ಹೋದ ಇವಳು ಹತ್ತೂರಿನವರ ಮುಂದೆ ಸೋತು ಬಂದಿದ್ದಳು.

ಟೇಪಿನ ಅಳತೆಯಲ್ಲಿ ಮತ್ತೆ ಶುರುಮಾಡಿದೆವು. ಹೊರಟ ನಾಲ್ಕು ಹೆಜ್ಜೆಗೇ ಅವಳು ನೆಟ್ಟಗಾಗಿಬಿಡುತ್ತಿದ್ದಳು. ಮುಂದಕ್ಕೆ ಬಾಗಿಕೊಂಡೇ ನೆಲವನ್ನು ಹಿಂದಕ್ಕೆ ಒದೆಯುವುದನ್ನು ಹೇಳಿಕೊಟ್ಟೆ. ಜೋರಾಗಿ ಓಡು, ಪೂರ್ತಿ ದಣಿವಾರಿಸಿಕೋ, ಮತ್ತೆ ಓಡು. ದಣಿವಾರಿಸಿಕೊಳ್ಳುವ ಭಾಗವನ್ನು ಮಾತ್ರ ಪಕ್ಕದಲ್ಲೇ ಕೂತು ಸ್ವತಃ ಮಾಡಿ ತೋರಿಸಿದೆ. ಮೂರು ವಾರ ಸ್ಟಾಪ್‌ವಾಚು ಕದಲಲಿಲ್ಲ. ಆಮೇಲೆ ಜಿಪುಣನ ಹಾಗೆ ಚೂರು ಚೂರೇ ಬಿಟ್ಟುಕೊಟ್ಟಿತು. ಹಾಸನದಲ್ಲಿ ಐದಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಆಯ್ಕೆಯಾದಳು.

ಮರುದಿನ ಮೈದಾನಕ್ಕೆ ಬಂದವಳು ನನ್ನ ಕೈಗೆ ಪೇಡಾ ಕೊಟ್ಟು ಸ್ಟಾಪ್‌ವಾಚು ಕಿತ್ತುಕೊಂಡಳು.

"ಈಗ ನಿಮ್ದು ಸಾ."

"ನಾನೆಲ್ಲಿ ಓಡಲಮ್ಮಾ?"

"ನಡ್ಕಂಡೇ ಬನ್ನಿ."

ನಡೆದೆ, ಮುಲುಕುತ್ತ. ಮೂವತ್ತೊಂದು ಸೆಕೆಂಡು. ಮುಲಾಜಿಗೆಂದು ಒಂದು ಸೆಕೆಂಡನ್ನೂ ಬಿಡದೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಬರೆದಳು. ಕೆಟ್ಟ ಅಂಕಿಯೇ, ಆದರೆ ನಿಜವಾದದ್ದು. ಅದಕ್ಕಿಂತ ಕಡಿಮೆ ಮಾಡಲು ಸಾಧ್ಯವೆಂದು ನೋಡಿದಾಗಲೇ ಅನ್ನಿಸಿತು.