ಏಳು ಜರ್ಸಿ, ಒಂದು ಹಿಡಿ ಒಣಮೆಣಸು

ಆಟದ ಅಂಗಳದಲ್ಲಿ ಒಬ್ಬಳೂ ಬಿದ್ದಿರಲಿಲ್ಲ. ನನ್ನ ಸಂಶಯ ಶುರುವಾದದ್ದೇ ಅಲ್ಲಿಂದ.

ಗಲ್ಫಿನಲ್ಲಿ ನಾವಿರುವ ಅಲ್ ಕುಸೈಸ್ ಬಡಾವಣೆಯ ನಮ್ಮ ಹೆಂಗಸರ ಥ್ರೋಬಾಲ್ ಟೀಮಿನಲ್ಲಿ ಸೀಸನ್ ಶುರುವಾದಾಗ ಹತ್ತು ಜನ ಇದ್ದರು. ಸೊಸೆ ಕ್ಯಾಪ್ಟನ್. ನಾನು ಮಡಚುವ ಕುರ್ಚಿ, ಚಹಾದ ಫ್ಲಾಸ್ಕ್ ಹಿಡಿದು ಒಂದು ಮ್ಯಾಚನ್ನೂ ತಪ್ಪಿಸದ ಪ್ರೇಕ್ಷಕಿ. ಸೆಮಿಫೈನಲ್ ಹತ್ತಿರ ಬರುವಷ್ಟರಲ್ಲಿ ಒಬ್ಬಳ ಬೆರಳು ಪಾರ್ಕಿಂಗಿನಲ್ಲಿ ಕಾರಿನ ಬಾಗಿಲಿಗೆ ಸಿಕ್ಕಿತು. ಇನ್ನೊಬ್ಬಳು ಮೆಟ್ರೋದ ಎಸ್ಕಲೇಟರಿನಲ್ಲಿ ಮುಗ್ಗರಿಸಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಳು. ಮೂರನೆಯವಳು ಊರಿಗೆ ಹೊರಟ ಅತ್ತೆಯ ಸೂಟ್‌ಕೇಸನ್ನು ತೂಕಕ್ಕೆ ಎತ್ತಿಡಲು ಹೋಗಿ ಸೊಂಟ ಹಿಡಿಸಿಕೊಂಡಳು. ಉಳಿದದ್ದು ಸರಿಯಾಗಿ ಏಳು. ಒಬ್ಬಳು ಕಡಿಮೆಯಾದರೂ ಎದುರಿನವರಿಗೆ ವಾಕ್‌ಓವರ್, ಆಡದೆಯೇ ಗೆಲುವು. ಇಷ್ಟು ವರ್ಷಗಳಲ್ಲಿ ನಮ್ಮವರು ಸೆಮಿಫೈನಲ್ ಮುಟ್ಟಿದ್ದು ಅದೇ ಮೊದಲು.

"ಇಟ್ಸ್ ಜಸ್ಟ್ ಬ್ಯಾಡ್ ಲಕ್, ಅಜ್ಜಿ," ಎಂದಳು ಮೊಮ್ಮಗಳು.

ಬ್ಯಾಡ್ ಲಕ್ ಹೀಗೆ ಕ್ಯೂ ನಿಂತು ಬರುತ್ತದೆಯೇ? ಹಿಂದಿನದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಊರಿನ ಇನ್ನೊಂದು ಬಡಾವಣೆಯಾದ ಡಿಸ್ಕವರಿ ಗಾರ್ಡನ್ಸಿನ ಟೀಮಿನ ಕ್ಯಾಪ್ಟನ್ ಒಬ್ಬಳಿದ್ದಳು. ತನ್ನ ಮ್ಯಾಚ್ ಇಲ್ಲದ ದಿನವೂ ಎಳ್ಳುಂಡೆಯ ಡಬ್ಬಿ ಹಿಡಿದು ನಮ್ಮ ಆಟ ನೋಡಲು ಬರುವವಳು. "ಅಬ್ಬಬ್ಬ, ಎಂಥ ಕ್ಯಾಚ್ ಮಾರಾಯ್ತಿ! ಬೆರಳಿಗೆ ಗೋಂದು ಹಾಕಿ ಬಂದಿದ್ದೀಯಾ ಎಂತ?" ಎಂದಿದ್ದಳು. ಎರಡೇ ದಿನಕ್ಕೆ ಆ ಬೆರಳು ಕಾರಿನ ಬಾಗಿಲಲ್ಲಿ. ಮೊಣಕಾಲಿನವಳಿಗೆ "ಜಿಂಕೆಯ ಹಾಗೆ ಓಡ್ತೀಯಲ್ಲ!" ಎಂದದ್ದನ್ನೂ ನಾನೇ ಕೇಳಿದ್ದೆ. ಸೊಂಟದವಳಿಗೆ ಏನು ಹೇಳಿದಳೋ ಕೇಳಿಸಲಿಲ್ಲ, ಬೆನ್ನು ತಟ್ಟಿದ್ದನ್ನು ಮಾತ್ರ ಕಣ್ಣಾರೆ ಕಂಡೆ. ಈಗ ಸೆಮಿಫೈನಲ್ ಯಾರ ಮೇಲೆ? ಅದೇ ಡಿಸ್ಕವರಿ ಗಾರ್ಡನ್ಸಿನ ಮೇಲೆ.

ಮಂಗಳೂರಿನ ಕಾನ್ವೆಂಟಿನಲ್ಲಿ ಆಟ ಕಲಿಸುತ್ತಿದ್ದ ಸಿಸ್ಟರ್ ಇದನ್ನು ಕೇಳಿದ್ದರೆ "ನಾನ್ಸೆನ್ಸ್, ಚೈಲ್ಡ್" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಕೊರಳಿನ ಶಿಲುಬೆ ಮುಟ್ಟಿಕೊಂಡು ನಮ್ಮನ್ನು ಅಂಗಳಕ್ಕೆ ಕಳಿಸುತ್ತಿದ್ದರು. ನಮ್ಮನ್ನು ಎಂದೆನಲ್ಲ, ನಿಜ ಹೇಳಬೇಕೆಂದರೆ ಉಳಿದವರನ್ನು. ನಾನು ಮೂರು ವರ್ಷವೂ ಎಕ್ಸ್‌ಟ್ರಾ. ಇಸ್ತ್ರಿ ಮಾಡಿದ ಸ್ಕರ್ಟ್ ತೊಟ್ಟು, ಗ್ಲೂಕೋಸ್ ನೀರಿನ ಲೋಟ ಹಿಡಿದು ಗೆರೆಯ ಆಚೆ ನಿಂತವಳು. ಯಾರಿಗಾದರೂ ಸಣ್ಣದೊಂದು ಪೆಟ್ಟಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದೂ ಉಂಟು. ಯಾರಿಗೂ ಆಗಲಿಲ್ಲ.

ಮ್ಯಾಚಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ ಇದ್ದೆ. ಒಗೆದು ಮಡಚಿದ ಏಳು ಜರ್ಸಿ ಸೋಫಾದ ಮೇಲಿತ್ತು. ಒಂದು ಹಿಡಿ ಒಣಮೆಣಸು, ಕಲ್ಲುಪ್ಪು, ಸಾಸಿವೆ ತೆಗೆದುಕೊಂಡು ಜರ್ಸಿಗಳ ಸುತ್ತ ಮೂರು ಸಲ ಆ ಕಡೆಗೆ, ಮೂರು ಸಲ ಈ ಕಡೆಗೆ ನಿವಾಳಿಸಿದೆ. ಊರಿನ ಕಣ್ಣು, ಕೇರಿಯ ಕಣ್ಣು ಎನ್ನುತ್ತಾ ಡಿಸ್ಕವರಿ ಗಾರ್ಡನ್ಸಿನ ಕಣ್ಣನ್ನೂ ಸೇರಿಸಿದೆ. ಫ್ಲಾಟಿನಲ್ಲಿ ಕೆಂಡ ಎಲ್ಲಿಂದ ತರುವುದು? ದೋಸೆಯ ಕಾವಲಿಯನ್ನೇ ಕಾಯಿಸಿದೆ. ದೃಷ್ಟಿ ತಾಗಿದ್ದರೆ ಮೆಣಸು ಸುಟ್ಟರೂ ಘಾಟು ಬರುವುದಿಲ್ಲ. ಘಾಟು ಬಂದರೆ ದೃಷ್ಟಿಯಿಲ್ಲ. ಇದು ನಮ್ಮ ಕಡೆಯ ಲೆಕ್ಕ. ಘಾಟನ್ನು ಎಕ್ಸಾಸ್ಟ್ ಫ್ಯಾನ್ ಎಳೆದುಕೊಂಡುಬಿಟ್ಟರೆ ಗೊತ್ತಾಗುವುದು ಹೇಗೆ? ಫ್ಯಾನ್ ಆಫ್ ಮಾಡಿದೆ. ಕಿಟಕಿಯನ್ನೂ ಮುಚ್ಚಿದೆ.

ಮೆಣಸು ಕಾವಲಿಗೆ ಬಿದ್ದು ಒಂದು ನಿಮಿಷವಾಗಿರಲಿಲ್ಲ, ಇಡೀ ಬಿಲ್ಡಿಂಗಿನ ಫೈರ್ ಅಲಾರ್ಮ್ ಕಿರುಚಿಕೊಂಡಿತು. ಗ್ಯಾಸ್ ಆರಿಸಿ, ಕಾವಲಿಯನ್ನು ಸಿಂಕಿಗೆ ಹಾಕಿ, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಎಲ್ಲರೊಂದಿಗೆ ಮೆಟ್ಟಿಲಿಳಿದೆ. ಕೆಮ್ಮದವರು ಒಬ್ಬರೂ ಇರಲಿಲ್ಲ. ಕೆಳಗೆ ವಾಚ್‌ಮನ್ "ಕಿಸ್ಕಾ ಫ್ಲಾಟ್? ಕಿಸ್ಕಾ?" ಎಂದು, ಹೊಗೆ ಯಾರ ಮನೆಯದೆಂದು ಕೇಳುತ್ತಿದ್ದ. ಎಲ್ಲರೂ ಒಬ್ಬರ ಮುಖ ಒಬ್ಬರು ಸಂಶಯದಿಂದ ನೋಡಿದರು. ನಾನೂ ನೋಡಿದೆ.

ಅಷ್ಟರಲ್ಲಿ ಆರನೇ ಮಹಡಿಯ ದಂತವೈದ್ಯೆಯನ್ನು ಇಬ್ಬರು ಹಿಡಿದುಕೊಂಡು ಇಳಿಸಿದರು. ಹುಬ್ಬಳ್ಳಿ ಕಡೆಯ ಹುಡುಗಿ, ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಸರ್ವಿಸ್ ಮಾಡುವವಳು. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವಳು ಗಾಬರಿಯಲ್ಲಿ ಮೆಟ್ಟಿಲು ತಪ್ಪಿದ್ದಳು. ಪಾದದ ಗಂಟು ಆಗಲೇ ಊದಿತ್ತು.

ಏಳು ಇದ್ದದ್ದು ಆರಾಯಿತು.

ಭಾನುವಾರ ಊದ್ ಮೇಥಾ ಬಡಾವಣೆಯ ಸ್ಪೋರ್ಟ್ಸ್ ಹಾಲ್‌ನಲ್ಲಿ ರೆಫರಿ ವಾಕ್‌ಓವರ್ ಎಂದು ಬರೆಯಲು ಪೆನ್ನು ತೆಗೆದರು. ಸೊಸೆ ನೆಲ ನೋಡುತ್ತಾ ನಿಂತಿದ್ದಳು. ಆಗ ಡಿಸ್ಕವರಿ ಗಾರ್ಡನ್ಸಿನ ಕ್ಯಾಪ್ಟನ್ ಮುಂದೆ ಬಂದಳು.

"ವಾಕ್‌ಓವರ್ ಎಂತಕ್ಕೆ ಸರ್? ನಾನು ಹೊರಗೆ ಕೂತ್ಕೊಳ್ತೇನೆ. ಆರಕ್ಕೆ ಆರು, ಆಡುವ."

ಇದರಲ್ಲೇನೋ ಇದೆ ಎಂದೇ ನನಗೆ ಮೊದಲು ಹೊಳೆದದ್ದು. ರೆಫರಿ ಒಪ್ಪಿದರು. ಅವಳು ನೆಟ್ಟಗೆ ಬಂದು ನನ್ನ ಎಡಕ್ಕೆ ಕೂತು, ತನ್ನವರು ತಪ್ಪಿದಾಗ ಬೈಯುತ್ತಾ, ನಮ್ಮವರು ಹಿಡಿದಾಗ ಚಪ್ಪಾಳೆ ತಟ್ಟುತ್ತಾ ಇದ್ದಳು. ಬಲಕ್ಕೆ ದಂತವೈದ್ಯೆ, ಕಾಲಿಗೆ ಐಸ್ ಕಟ್ಟಿಕೊಂಡು. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಆಂಟಿ, ಒಂದ್ ಮಾತ್ ಕೇಳ್ಲೇನ್ರಿ? ನಿನ್ನೆ ಬಂದದ್ದು ಒಣಮೆಣಸಿನಕಾಯಿ ವಾಸನಿ. ನಮ್ಮವ್ವನೂ ಹಿಂಗ ಸುಡ್ತಾಳ."

ನಾನು ಬಾಲಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ಘಾಟ ಜೋರ್ ಬಂತಲ್ರಿ?"

"ಬಂತು," ಎಂದೆ.

"ಹಂಗಾರ ಯಾರ ಕಣ್ಣೂ ತಾಗಿದ್ದಿಲ್ಲ ಬಿಡ್ರಿ!" ಎಂದು ನಕ್ಕವಳು ಕಾಲು ಅಲುಗಿ "ಯವ್ವಾ" ಎಂದಳು.

ಸಾರಿ ಹೇಳುವುದನ್ನು ನಮಗೆ ಕಾನ್ವೆಂಟಿನಲ್ಲಿ ಚೆನ್ನಾಗಿಯೇ ಕಲಿಸಿದ್ದರು. ಆದರೂ ಮೊದಲು ಫ್ಲಾಸ್ಕಿನ ಚಹಾ ಬಗ್ಗಿಸಿ ಅವಳ ಕೈಗೆ ಕೊಟ್ಟೆ, ಸಾರಿ ಆಮೇಲೆ ಹೇಳಿದೆ.

ನಮ್ಮವರು ಎರಡು ಪಾಯಿಂಟಿನಲ್ಲಿ ಸೋತರು. ಎಳ್ಳುಂಡೆಯ ಡಬ್ಬಿ ಬಂತು. "ಎಂಥ ಕೈ ಮಾರಾಯ್ತಿ ನಿನ್ನದು!" ಎಂದು ಆ ಕ್ಯಾಪ್ಟನ್ ನನ್ನ ಸೊಸೆಯ ಕೈ ಹಿಡಿದು ಕುಲುಕಿದಳು. ನಾನೂ ಒಂದು ಉಂಡೆ ತೆಗೆದುಕೊಂಡೆ. ಚೆನ್ನಾಗಿತ್ತು.

ಪಾರ್ಕಿಂಗಿನಲ್ಲಿ ಸೊಸೆಗೆ ಹೇಳಿಬಿಟ್ಟೆ, "ನಿನ್ನೆಯ ಅಲಾರ್ಮ್ ನನ್ನಿಂದಲೇ ಆದದ್ದು."

"ಗೊತ್ತುಂಟು ಮಾಮಿ. ಜರ್ಸಿಯ ಕಾಲರಿನಲ್ಲಿ ಸಾಸಿವೆ ಸಿಕ್ಕಿತು."

"ಮತ್ತೆ ಸುಮ್ಮನೆ ಇದ್ದೀಯಲ್ಲ?"

"ಮ್ಯಾಚ್ ಮುಗಿದ ಮೇಲೆ ಬೈಯುವ ಅಂತ ಇಟ್ಟಿದ್ದೆ."

ಬೈಯಲಿಲ್ಲ. ಅವಳು ಸ್ಟೀರಿಂಗಿನ ಹಿಂದೆ ಕೂತು ಬಾಗಿಲು ಎಳೆದುಕೊಳ್ಳುವಾಗ, ಬೆರಳು ಎಲ್ಲಿವೆ ಎಂದು ನಾನು ಬಗ್ಗಿ ನೋಡಿದೆ.