ನೀರು ಬಂದ ಮೇಲೆ

ಚಳಿಗಾಲದ ನಾಗಪುರದಲ್ಲಿ ಯಾರ ಮನೆಗೆ ಹೋದರೂ ಚಹಾಕ್ಕೆ ಮೊದಲು ಕಿತ್ತಳೆ ಕೈಗೆ ಬರುತ್ತದೆ. ಸುಲಿಯುತ್ತ ಕುಳಿತರೆ ಮಾತೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ನನಗೆ ಮಾತ್ರ ಈಚೆಗೆ ಆ ಹಣ್ಣು ಕಂಡರೆ ಭಾವನವರ ನೆನಪಾಗಿ ಮಾತು ನಿಂತುಬಿಡುತ್ತದೆ.

ವಿಜಯಪುರದ ಕಡೆಯವರಾದ ಭಾವ ಇಲ್ಲಿಯ ಕಾಲೇಜಿನಿಂದ ನಿವೃತ್ತರಾದವರು. ಊರಾಚೆ ಅವರದೊಂದು ಮಳೆಯಾಶ್ರಿತ ಹೊಲವಿತ್ತು. ಅಕ್ಕ ಅದರಲ್ಲಿ ಜೋಳ, ತೊಗರಿ ಬೆಳೆಸಿ, ನಮಗೂ ಒಂದು ಚೀಲ ಕಳಿಸುತ್ತಿದ್ದಳು. ಹೊಲದ ಅಂಚಿಗೆ ಕಾಲುವೆ ಬಂದ ವರ್ಷ ಭಾವನಿಗೆ ಹರೆಯ ಮರಳಿತು.

"ನೀರು ಬಂದ ಮ್ಯಾಲೂ ಜ್ವಾಳ ಬಿತ್ತೂದಂದ್ರ ನೀರಿಗೆ ಅವಮಾನ ಮಾಡಿದ್ಹಂಗ. ಸಂತ್ರಾ ಹಚ್ಚೂಣು" ಎಂದರು.

"ಅರ್ಧಾ ಹೊಲ ಜ್ವಾಳಕ್ಕ ಬಿಡ್ರಿ" ಎಂದಳು ಅಕ್ಕ. "ಎಲ್ಲಾರೂ ಅದನ್ನ ಹಚ್ಚಾಕತ್ತಾರ. ನೀರು ಬರೋಬರ್ ಬರತೈತೇನು?"

ಭಾವ ನಕ್ಕು ಇಡೀ ಹೊಲಕ್ಕೆ ಕಿತ್ತಳೆ ಸಸಿ ನೆಟ್ಟರು. ಜೀವನವಿಡೀ ಅರ್ಥಶಾಸ್ತ್ರ ಬೋಧಿಸಿದ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಗಂಭೀರವದನನಾಗಿ ಕಿತ್ತಳೆಯನ್ನೇ ಶಿಫಾರಸು ಮಾಡುತ್ತಿದ್ದೆ.

ಕಾಲುವೆಯ ಉದ್ದಕ್ಕೂ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಜಾಣರಾಗಿದ್ದರು. ಮೇಲಿನವರ ತೋಟ ಬೆಳೆದಂತೆ ಕೊನೆಯಲ್ಲಿದ್ದ ಭಾವನ ನೀರಿನ ಪಾಳಿ ತಡವಾಗುತ್ತ ಹೋಯಿತು. ನೋಡಿ, ಜೋಳವನ್ನು ಬರಗಾಲದಲ್ಲಿ ಬಿತ್ತದೆ ಸುಮ್ಮನಿರಬಹುದು, ಮರಕ್ಕೆ ಒಂದು ವರ್ಷ ರಜೆ ಹಾಕು ಎನ್ನಲಾಗುವುದಿಲ್ಲ. ಮೊದಲ ಫಸಲಿಗೆ ಕಾಯುತ್ತಿದ್ದ ಬೇಸಿಗೆಯಲ್ಲಿ ಕಾಲುವೆ ಒಣಗಿ ಬಿರುಕುಬಿಟ್ಟಿತು. ಭಾವ ಟ್ಯಾಂಕರ್ ತರಿಸಿದರು, ಬುಡಕ್ಕೆ ಹುಲ್ಲು ಮುಚ್ಚಿದರು, ಮೇಲಿನ ಹೊಲದವರ ಮನೆಗೆ ಹೋಗಿ ಕೈಮುಗಿದರು. ಅವರೂ ಕೆಟ್ಟವರಲ್ಲ. "ನಮ್ಮ ಮರಗಳೂ ಸಾಯುತ್ತಿವೆ, ಸರ್" ಎಂದು ಮರಾಠಿಯಲ್ಲಿ ಹೇಳಿ, ಚಹಾ ಕುಡಿಸಿ ಕಳಿಸಿದರು.

ಎಲೆ ಉದುರಿ, ಕೊಂಬೆ ಒಣಗಿತು. ಮರಗಳನ್ನು ಕಡಿಸುವ ದಿನ ನಾನೂ ಹೋಗಿದ್ದೆ. ಅಕ್ಕ 'ನಾ ಹೇಳಿದ್ದೆ' ಎಂಬ ಮಾತನ್ನು ಅಂದೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಅವಳು ಆಡಿದ್ದರೆ ಭಾವನಿಗೆ ಹಗುರಾಗುತ್ತಿತ್ತೋ ಏನೋ.

ಮಳೆ ಹಿಡಿದ ಮೇಲೆ ಕಾಲುವೆ ದಡ ಮುಟ್ಟಿ ಹರಿಯಿತು. ಕುಡಿಯಲು ಹೊಲದಲ್ಲಿ ಒಂದು ಗಿಡವೂ ಇರಲಿಲ್ಲ. ಭಾವ ದಡದಲ್ಲಿ ಕುಳಿತು, ನೀರಿನಲ್ಲಿ ಕಾಲು ಇಳಿಬಿಟ್ಟು, ಬಹಳ ಹೊತ್ತು ಏಳಲೇ ಇಲ್ಲ.

ಅಕ್ಕ ಹತ್ತಿರ ಹೋಗಿ ನಿಂತಳು.

"ಕಾಲು ತೊಳಕೊಂಡ್ರಲ್ಲ? ಬರ್ರಿ, ಊಟಾ ಮಾಡೂಣು."