ಬಾಯಿ ಬಿಡಬಾರದೆಂಬ ಕರಾರು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಮ್ಮ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ, ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದವನನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಂತಿತ್ತು. ಮೂಟೆಯ ಮೇಲೆ ನಿಂತು ಟೊಮೆಟೊ ಬೆಲೆ ಕೂಗಿದನೆಂದರೆ ರಸ್ತೆಯಲ್ಲಿ ಹೋಗುವವರೂ ಜೇಬು ಮುಟ್ಟಿಕೊಳ್ಳುತ್ತಿದ್ದರು. ಹರಾಜು ಮುಗಿದ ಮೇಲೆ ಅದೇ ಗಂಟಲಿನಿಂದ ಗಡಿಯಾಚೆಯ ಒಬ್ಬ ಗಾಯಕನ ಹಾಡು ಹೊರಡುತ್ತಿತ್ತು. ಚೆನ್ನಾಗಿ ಹಾಡುತ್ತಾನೆ ಎಂದು ಯಾರೂ ಹೇಳಿದ್ದಿಲ್ಲ. ಜೋರಾಗಿ ಹಾಡುತ್ತಾನೆ ಎಂಬುದರಲ್ಲಿ ಎರಡು ಮಾತಿರಲಿಲ್ಲ.

ಆ ಗಂಟಲಲ್ಲಿ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಸೋಮವಾರ ಬಾ ಎಂದರು ಡಾಕ್ಟರು. ಅದರ ಹಿಂದಿನ ಶನಿವಾರವೇ ಗಡಿಯಾಚೆ ಆ ಗಾಯಕನ ಕಾರ್ಯಕ್ರಮ. ಗೆಳೆಯರು ಟಿಕೆಟ್ಟು ತೆಗೆದಿಟ್ಟಿದ್ದರು.

"ಅವರಿಗಾದ್ರೂ ವಿಷಯ ಹೇಳಿ," ಎಂದು ಹೆಂಡತಿ ಅತ್ತಳು.

"ಹೇಳಿದ್ರೆ ದಾರೀಲಿ ಯಾರು ನಗ್ತಾರೆ? ನಾನು ಮಸಣಕ್ಕೆ ಹೊರಟಿಲ್ಲ ಕಣೆ. ಅವನ ಎದುರಿಗೆ ನಿಂತು, ಅವನ ಜೊತೆ ಒಂದೇ ಒಂದು ಹಾಡು ಹಾಡಿ ಬರ್ತೀನಿ. ಆಮೇಲೆ ಕೊಯ್ಕೊಳ್ಳಲಿ."

ಅಂದಿನಿಂದ, ಬಡವ ಕಾಳು ಕೂಡಿಡುವಂತೆ, ಉಳಿದ ದನಿಯನ್ನು ಕೂಡಿಟ್ಟ. ಮಂಡಿಯಲ್ಲಿ ನೆಗಡಿ ಎಂದ. ಮನೆಯಲ್ಲಿ ಕೈಸನ್ನೆ. ಬೀದಿಯ ಕೊನೆಯ ಕ್ಷೌರದ ಅಂಗಡಿಯತ್ತ ತಲೆ ಹಾಕಲಿಲ್ಲ. ಕ್ಷೌರಿಕ ಚಡ್ಡಿ ಹಾಕುವ ಕಾಲದ ಗೆಳೆಯ. ಅವನ ಬೆರಳು ಕತ್ತಿನ ಮೇಲೆ ಆಡಿದರೆ ಗಡ್ಡೆ ಸಿಕ್ಕದೆ ಇರುತ್ತದೆಯೇ?

ಶನಿವಾರ ಬೆಳಿಗ್ಗೆ ಮೂವರೂ ಹೊರಟರು. ವ್ಯಾನು ಮೂರನೆಯ ಗೆಳೆಯನಾದ ಡ್ರೈವರನದು. ಅಂಥ ಬಿಸಿಲಲ್ಲೂ ಗಂಟೆಯ ಕುತ್ತಿಗೆಗೆ ಮಫ್ಲರ್.

"ಕರಾರು ನೆನಪಿದೆ ತಾನೆ?" ಎಂದ ಡ್ರೈವರು. "ಹೋದ ಸಲ ನೀನು ಅರಚಿದ್ದಕ್ಕೆ ನಮ್ಮನ್ನೂ ಸೇರಿಸಿ ಆಚೆ ಹಾಕಿದ್ರು. ಈ ಸಲ ಬಾಯಿ ಬಿಟ್ಟೆಯೋ, ಗಡೀಲೇ ಬಿಟ್ಟು ಬರ್ತೀನಿ."

ಗಂಟೆ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದ.

"ಮಾತು ಬೆಳ್ಳಿ, ಮೌನ ಬಂಗಾರ," ಎಂದ ಕ್ಷೌರಿಕ. "ಇವತ್ತು ಇವನೇ ಸಾಹುಕಾರ. ಅದಕ್ಕೇ ನಮ್ಮಂಥ ಬಡವರ ಅಂಗಡಿ ಬೇಡವಾಯ್ತು. ಕೆನ್ನೆ ನೋಡು, ಯಾವನೋ ಕೊಚ್ಚಿ ಕಳಿಸಿದ್ದಾನೆ! ಅದೇನೋ ಕ್ಷೌರದಂಗಡಿಯೋ, ಕಸಾಯಿಖಾನೆಯೋ?"

ಗಂಟೆ ನಕ್ಕ. ಕನ್ನಡಿ ಮುಂದೆ ಕೂತು ತಾನೇ ಮಾಡಿಕೊಂಡ ಕೆಲಸ ಅದು.

ಗಾಯಕನಿಗೂ ವಯಸ್ಸಾಗಿತ್ತು. ಕೂತೇ ಹಾಡಿದ. ಮಂಡಿಯ ಗೋಡೆಗಳಿಗೂ ಬಾಯಿಪಾಠವಾಗಿದ್ದ ಆ ಹಾಡನ್ನು ಕೊನೆಗೆ ಎತ್ತಿಕೊಂಡಾಗ ಗಂಟೆ ಎದ್ದು ನಿಂತ. ಮಫ್ಲರ್ ಸಡಿಲಿಸಿ, ಕೂಡಿಟ್ಟಿದ್ದನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದ. ಬಂಡೆಯ ಮೇಲೆ ತಗಡು ಎಳೆದಂತೊಂದು ಸದ್ದು ಬಂತು. ಮುಂದಿನ ಸಾಲು ತಿರುಗಿ ನೋಡಿತು. ಕ್ಷೌರಿಕ ಅಂಗಿ ಹಿಡಿದು ಜಗ್ಗಿ ಕೂರಿಸಿ, ಅಂಗೈಯಿಂದ ಅವನ ಬಾಯಿ ಮುಚ್ಚಿದ.

"ಮಾನ ಕಳೀಬೇಡ್ವೋ! ಕೊಟ್ಟ ಮಾತಿಗೆ ಬೆಲೆ ಇಲ್ವಾ?"

ಆ ಅಂಗೈಯ ಹಿಂದೆ ಗಂಟೆ ಹಾಡಿನ ಮುಂದಿನ ಸಾಲಿಗೆ ದನಿ ತಡಕಾಡಿದ. ಸಿಗಲಿಲ್ಲ. ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದರು. ಅವನ ಕಣ್ಣೀರು ಕಂಡು, ಹಾಡು ಮನಸ್ಸಿಗೆ ನಾಟಿತು ಅಂದುಕೊಂಡರು ಗೆಳೆಯರು.

ಭಾನುವಾರ ವಾಪಸು ಬರುವಾಗ ಗಡಿಯ ಅಧಿಕಾರಿ ಒಬ್ಬೊಬ್ಬರನ್ನೇ ಹೆಸರು ಕೇಳಿದ.

"ಅವನ ಬಾಯಿಗೆ ನಾವೇ ಬೀಗ ಹಾಕಿದ್ದೀವಿ ಸಾರ್," ಎಂದು ಡ್ರೈವರು ಹಲ್ಲು ಕಿರಿದ.

ಅಧಿಕಾರಿ ನಗಲಿಲ್ಲ. "ಅವನೇ ಹೇಳಲಿ."

ಗಂಟೆ ಬಾಯಿ ತೆರೆದ. ಬರೀ ಗಾಳಿ. ಮತ್ತೆ ತೆರೆದ, ಅದೇ ಗಾಳಿ.

"ಆ ಮಫ್ಲರ್ ತೆಗಿ."

ತೆಗೆದ. ಪಕ್ಕದಲ್ಲಿ ಕೂತಿದ್ದ ಕ್ಷೌರಿಕ ಕತ್ತಿನ ಗಡ್ಡೆ ನೋಡಿದ. ಗಂಟೆ ಅವನ ಕಿವಿಗೆ ಬಾಯಿ ತಂದು ಉಸಿರಿನಲ್ಲೇ ಹೇಳಿದ: "ನಾಳೆ ತೆಗೀತಾರೆ. ದನೀನೂ."

ಅಧಿಕಾರಿ ಕೈಬೀಸಿ ವ್ಯಾನನ್ನು ಬಿಟ್ಟ. ಗಡಿ ದಾಟಿದ್ದೇ ಕ್ಷೌರಿಕ ಎರಡೂ ಕೈ ಜೋಡಿಸಿದ. "ಹಾಡೋ ಮಾರಾಯ. ಎಷ್ಟು ಬೇಕಾದ್ರೂ ಅರಚೋ. ನನ್ನಾಣೆ, ಕಿವಿ ಹರಿದ್ರೂ ಕೇಳ್ತೀನಿ."

ಗಂಟೆ ಎರಡೂ ಅಂಗೈ ಬಿಡಿಸಿ ತೋರಿಸಿದ. ಖಾಲಿ.

ಸೋಮವಾರ ಆಸ್ಪತ್ರೆಯವರು ಕತ್ತು ಬೋಳಿಸಲು ಬಂದಾಗ ಕ್ಷೌರಿಕ ತನ್ನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಈ ಕುತ್ತಿಗೆಗೆ ಬೇರೆಯವರ ಕೈ ಬೇಡ," ಎಂದ. ನೊರೆ ಹಚ್ಚಿದ. ಎಡಗೈಯಿಂದ ಚರ್ಮ ಬಿಗಿಹಿಡಿದು ಕತ್ತಿ ಇಟ್ಟ.

"ನನಗೂ ಹೇಳ್ಲಿಲ್ವಲ್ಲೋ ಪಾಪಿ."

ಬೆರಳ ಕೆಳಗೆ ಏನೋ ನಡುಗಿತು. ಹೆದರಿದ್ದಾನೆ ಅಂದುಕೊಂಡ. ನಡುಕ ನಿಂತಿತು, ಮತ್ತೆ ಶುರುವಾಯಿತು, ಏರಿತು, ಇಳಿಯಿತು. ಆ ಏರಿಳಿತ ಅವನಿಗೆ ಗೊತ್ತಿತ್ತು. ತಾನು ಅಂಗೈ ಅಡ್ಡಹಿಡಿದಿದ್ದ ಅದೇ ಹಾಡು. ಕತ್ತಿಯನ್ನು ಮೇಲೆತ್ತಿದ, ಬೆರಳನ್ನು ತೆಗೆಯಲಿಲ್ಲ.

"ಏನಾಯ್ತಣ್ಣ, ಗಾಯ ಆಯ್ತಾ?" ಹಾಸಿಗೆಯ ಪಕ್ಕದಲ್ಲೇ ಇದ್ದ ಹೆಂಡತಿ ಗಾಬರಿಯಾದಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

"ಸುಮ್ನಿರಮ್ಮ."

ನೂಕುಗಾಡಿ ತಂದವರು ಬಾಗಿಲಲ್ಲಿ ನಿಂತು, "ಇನ್ನೂ ಆಗ್ಲಿಲ್ವೇನಪ್ಪಾ?" ಎಂದರು.

"ತಡೀರಿ," ಎಂದ ಕ್ಷೌರಿಕ, ತಲೆ ಎತ್ತದೆ. "ಇನ್ನೊಂದು ಸಾಲಿದೆ."